ಬಾಟಲಿ ಏರಿಸಿದರೆ ಊಟವಾಯಿತೇ?

ಆಸ್ಪತ್ರೆಯಲ್ಲಿ ರೋಗಿಯ ಜೊತೆ ರಾತ್ರಿ ಉಳಿಯಲು ಮನೆಯವರು ಕಳಿಸುವುದು ಹೆಚ್ಚಾಗಿ ನಮ್ಮಂಥವರನ್ನೇ. ‘ಕಾಲೇಜಿಗೆ ಎರಡು ದಿನ ರಜೆ ಹಾಕು’, ‘ನಿನಗಿನ್ನೂ ಕೆಲಸ ಸಿಕ್ಕಿಲ್ಲವಲ್ಲ’ ಎಂದು. ಮಾತ್ರೆ ತರುತ್ತೇವೆ, ಬಿಲ್ ಕಟ್ಟುತ್ತೇವೆ. ರೋಗಿ ನಿನ್ನೆಯಿಂದ ಏನು ತಿಂದಿದ್ದಾರೆ ಎಂದು ಕೇಳಿದರೆ ಮಾತ್ರ ತಡವರಿಸುತ್ತೇವೆ. ‘ಗ್ಲೂಕೋಸ್ ಹಾಕಿದ್ದಾರಲ್ಲ’ ಎಂಬ ಸಮಾಧಾನ ಬೇರೆ.

ಆ ಸಮಾಧಾನವನ್ನೇ ಲೆಕ್ಕ ಹಾಕೋಣ. ಎಂಜಿನಿಯರಿಂಗ್ ಓದುವವರಿಗೆ ಇದೊಂದು ಚಟ. ಶೇ 5ರ ಡೆಕ್ಸ್‌ಟ್ರೋಸ್‌ನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಸಿಗುವುದು ಹೆಚ್ಚೆಂದರೆ 100 ಕ್ಯಾಲೊರಿ, ಒಂದು ಚಪಾತಿಯಷ್ಟು. ಪ್ರೋಟೀನ್ ಸೊನ್ನೆ. ಕೆ.ಜಿ.ಗೆ 25 ಕ್ಯಾಲೊರಿಯಂತೆ ಹಿಡಿದರೂ 60 ಕೆ.ಜಿ. ತೂಕದವರಿಗೆ ದಿನಕ್ಕೆ 1,500 ಬೇಕು. ಎಷ್ಟೋ ಬಾಟಲಿಗಳಲ್ಲಿ ಆ ಸಕ್ಕರೆಯೂ ಇರುವುದಿಲ್ಲ, ಬರೀ ಉಪ್ಪುನೀರು.

ಕಾಯಿಲೆ ಜೋರಾದಾಗ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಗಾಯ ಬೇಗ ಮಾಯುವುದಿಲ್ಲ, ಕಫ ಕೆಮ್ಮಿ ಹೊರಹಾಕಲೂ ಬಲವಿರುವುದಿಲ್ಲ. ‘ಕಾಯಿಲೆ ಬಂದಮೇಲೆ ಸೊರಗದೆ ಇರ್ತಾರಾ’ ಎಂದು ನಾವು ಸುಮ್ಮನಾಗುತ್ತೇವೆ. ನಮ್ಮ ಅಜ್ಜ ಇದ್ದ ವಾರ್ಡಿನಲ್ಲಿ ಜ್ವರ, ಬಿಪಿ ತಪ್ಪದೆ ಬರೆಯುತ್ತಿದ್ದರು. ತೂಕದ ಜಾಗ ಕೊನೆಯವರೆಗೂ ಖಾಲಿ ಇತ್ತು. ದಾಖಲಾದ ದಿನವೇ, ಆಮೇಲೆ ವಾರಕ್ಕೊಮ್ಮೆ ತೂಕ ನೋಡುವುದು ಪ್ರತಿ ಆಸ್ಪತ್ರೆಯಲ್ಲೂ ನಿಯಮವಾಗಲೇಬೇಕು.

ಅಪೌಷ್ಟಿಕತೆ ಗುರುತಿಸಲು ದೊಡ್ಡ ಯಂತ್ರ ಬೇಡ. ಬ್ರಿಟನ್ನಿನಲ್ಲಿ ಬಳಸುವ ‘ಮಸ್ಟ್’ ಎಂಬ ಪರೀಕ್ಷೆ ನೋಡುವುದು ಮೂರನ್ನೇ: ಬಿಎಂಐ, ಕಳೆದ 3ರಿಂದ 6 ತಿಂಗಳಲ್ಲಿ ಇಳಿದ ತೂಕ, ತೀವ್ರ ಕಾಯಿಲೆಯಿಂದ 5 ದಿನಕ್ಕಿಂತ ಹೆಚ್ಚು ಊಟ ನಿಂತಿದೆಯೇ ಅಥವಾ ನಿಲ್ಲಬಹುದೇ ಎಂಬುದು. 60 ಕೆ.ಜಿ. ಇದ್ದವರು 54ಕ್ಕಿಂತ ಕೆಳಗಿಳಿದಿದ್ದರೆ ಅದೊಂದೇ ಸಾಕು, ಅಪಾಯ ಹೆಚ್ಚು ಎನ್ನಲು. ಏಳಲಾಗದವರಿಗೆ ಟೈಲರ್ ಟೇಪ್ ಇದೆ: ಮೇಲ್ದೋಳಿನ ನಡುಭಾಗದ ಸುತ್ತಳತೆ 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬಿಎಂಐ 20ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು.

ತೂಕದ ಯಂತ್ರವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಕಿಡ್ನಿ, ಲಿವರ್ ಕೆಟ್ಟವರ ಮೈಯಲ್ಲಿ ನೀರು ತುಂಬಿಕೊಂಡು ತೂಕ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಹಣೆಯ ಎರಡು ಬದಿ ಗುಳಿಬಿದ್ದಿದೆಯೇ, ಭುಜದ ಮೂಳೆ ಎದ್ದು ಕಾಣುತ್ತಿದೆಯೇ ಎಂದೂ ನೋಡಬೇಕು.

ಹಾಗೆಂದು ವಾರದಿಂದ ಏನೂ ತಿನ್ನದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯುವಷ್ಟು ತಿನ್ನಿಸಬಾರದು. ರಕ್ತದಲ್ಲಿ ರಂಜಕ, ಪೊಟ್ಯಾಸಿಯಂ ದಿಢೀರನೆ ಕುಸಿದು ಹೃದಯಕ್ಕೇ ತೊಂದರೆಯಾದೀತು. ಎಷ್ಟರಿಂದ ಶುರು ಮಾಡಬೇಕೆಂದು ವೈದ್ಯರು, ಆಹಾರ ತಜ್ಞರು ಹೇಳಬೇಕು. ಅವರಿಗೆ ಬೇಕಾದ ಮಾಹಿತಿ ಪಕ್ಕದಲ್ಲಿ ಕೂತ ನಮ್ಮ ಬಳಿ ಇರಬೇಕು. ಬೆಳಿಗ್ಗೆ ಒಂದೂವರೆ ಇಡ್ಲಿ, ಮಧ್ಯಾಹ್ನ ನಾಲ್ಕು ಚಮಚ ಗಂಜಿ ಎಂದು ಮೊಬೈಲಿನಲ್ಲಿ ಬರೆದಿಟ್ಟುಕೊಂಡರೂ ಸಾಕು.