ಬೋರ್ಡ್ ಹೋಗಿದೆ ಸಾರ್!

ನಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಎಲ್ಲ ರೋಗಕ್ಕೂ ಒಂದೇ ಹೆಸರು: "ಬೋರ್ಡ್ ಹೋಗಿದೆ ಸಾರ್." ಪರದೆ ಕಪ್ಪಾದರೂ ಬೋರ್ಡು, ಬೀಪ್ ಬೀಪ್ ಅಂದರೂ ಬೋರ್ಡು. ಕೇಳಿ ಕೇಳಿ ತಲೆ ಕೆಟ್ಟಿದೆ. ಇವತ್ತು ಸ್ವಲ್ಪ ಖಾರವಾಗಿಯೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರ ಹತ್ತಿರ 2013ರಲ್ಲಿ ಕೊಂಡ ಡೆಸ್ಕ್‌ಟಾಪ್ ಇದೆ. ಇಂಟೆಲ್ ಬೋರ್ಡು, 4 ಜಿಬಿ ಡಿಡಿಆರ್3 ರ‍್ಯಾಮ್. ಹತ್ತು ವರ್ಷದಿಂದ ಅವರು ಕೂಡಿಹಾಕಿದ ಊರಿನ ಗಾದೆ, ಒಗಟು, ಸೋಬಾನೆ ಪದ ಎಲ್ಲಾ ಅದರಲ್ಲೇ. ಬೇರೆಲ್ಲೂ ಪ್ರತಿ ಇಲ್ಲ. ನಿಧಾನವಾಯ್ತು ಅಂತ ಇನ್ನೊಂದು 4 ಜಿಬಿ ಹಾಕಿಸೋಕೆ ಒಯ್ದರು. ಹಾಕಿದ ಮೇಲೆ ಪರದೆಯೇ ಬರಲಿಲ್ಲ. ತೀರ್ಪು ಗೊತ್ತಲ್ಲ? ಬೋರ್ಡ್ ಹೋಗಿದೆ, ಹಳೇದನ್ನ ಎಕ್ಸ್‌ಚೇಂಜಿಗೆ ಕೊಡಿ, ಹೊಸದಕ್ಕೆ ಮೂವತ್ತು ಸಾವಿರ! ಪಿಂಚಣಿ ದುಡ್ಡಿನ ಜೊತೆ ಡಿಸ್ಕಿನಲ್ಲಿದ್ದ ಹತ್ತು ವರ್ಷದ ಕೆಲಸವೂ ಹೋಗೋದರಲ್ಲಿತ್ತು.

ಪೆಟ್ಟಿಗೆಯನ್ನು ಮನೆಗೆ ತರಿಸಿಕೊಂಡೆ. ಪವರ್ ಕೇಬಲ್ ಕಿತ್ತು ಎರಡೂ ರ‍್ಯಾಮ್ ತೆಗೆದೆ. ಹಳೆಯದರ ಹೊಂಬಣ್ಣದ ಪಿನ್ನುಗಳನ್ನು ಮಕ್ಕಳ ರಬ್ಬರಿನಿಂದ ಮೆಲ್ಲಗೆ ಒರೆಸಿ, ಪುಡಿ ಕೊಡವಿ, ಕ್ಲಿಪ್ 'ಟಕ್' ಅನ್ನೋವರೆಗೂ ಒತ್ತಿದೆ. ಪರದೆ ಬಂತು! ಎರಡನೇ ಸ್ಲಾಟಿನಲ್ಲೂ ಬಂತು. ಅಂದ್ರೆ ಬೋರ್ಡೂ ಸರಿ, ಸ್ಲಾಟೂ ಸರಿ. ಹೊಸದನ್ನೊಂದೇ ಹಾಕಿದೆ, ಯಾವ ಸ್ಲಾಟಿನಲ್ಲೂ ಇಲ್ಲ. ಸತ್ತಿದೆಯಾ ಅಂತ ನನ್ನ ಹಳೇ ಎಎಂಡಿ ಯಂತ್ರಕ್ಕೆ ಹಾಕಿದರೆ ಓಡಿತು!

ಗುಟ್ಟು ಇಷ್ಟೆ. ಎಎಂಡಿಗೆ ಮಾತ್ರ ಹೊಂದುವ ಅಗ್ಗದ ಡಿಡಿಆರ್3 ಮಾರುಕಟ್ಟೆಗೆ ಬಂದಿತ್ತು. ಪಿನ್ನು ಅವೇ 240, ಕಚ್ಚು ಅದೇ ಜಾಗದಲ್ಲಿ, ಸಲೀಸಾಗಿ ಕೂರುತ್ತೆ. ಆದರೆ ಅದರ ಚಿಪ್ಪುಗಳ ಜೋಡಣೆ ಇಂಟೆಲ್ ಡೆಸ್ಕ್‌ಟಾಪಿಗೆ ಒಗ್ಗಲ್ಲ. ಗಂಡೂ ಚೆನ್ನ, ಹೆಣ್ಣೂ ಚೆನ್ನ, ಜಾತಕ ಕೂಡಲಿಲ್ಲ ಅಷ್ಟೆ. ಅದಕ್ಕೆ ತಿಥಿ ಮಾಡಿಬಿಡೋದೇ?

ಜಾತಕ ನೋಡೋದು ಬ್ರಹ್ಮವಿದ್ಯೆಯೇನಲ್ಲ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. 4ಕ್ಕೂ 5ಕ್ಕೂ ಪಿನ್ನು 288 ಆದರೂ ಕಚ್ಚಿನ ಜಾಗ ಬೇರೆ. 1600ರ ಜೊತೆ 1333 ಹಾಕಿದರೆ ಎರಡೂ 1333ರಲ್ಲೇ ಓಡುತ್ತವೆ. ಎಷ್ಟು ಜಿಬಿವರೆಗೆ ಹಾಕಬಹುದು ಅನ್ನೋದು ಬೋರ್ಡಿನ ಮ್ಯಾನುಯಲ್‌ನಲ್ಲೇ ಇರುತ್ತೆ. ವಿಂಡೋಸ್ 32 ಬಿಟ್‌ನದಾದರೆ 4 ಜಿಬಿ ಮೇಲೆ ಹಾಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನೊಂದು ಚಟ ಫಾರ್ಮ್ಯಾಟ್ ಮಾಡೋದು. ನೀಲಿ ಪರದೆ ಬಂತೋ, ಫಾರ್ಮ್ಯಾಟ್! ರ‍್ಯಾಮ್ ಕೆಟ್ಟಿದ್ದರೆ ಹೊಸದಾಗಿ ಹಾಕಿದ ವಿಂಡೋಸೂ ಕೆಡುತ್ತೆ, ಕಾಪಿ ಮಾಡಿದ ಫೈಲೂ ಹಾಳಾಗಬಹುದು. ಮೊದಲು ಮೆಮ್‌ಟೆಸ್ಟ್86+ ಅನ್ನೋ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ನಿರ್ಲಕ್ಷಿಸಬೇಡಿ. ಒಂದೊಂದೇ ರ‍್ಯಾಮ್ ಇಟ್ಟು ಮತ್ತೆ ಪರೀಕ್ಷಿಸಿ, ಕಳ್ಳ ಸಿಕ್ಕಿಬೀಳ್ತಾನೆ.

ಬರೀ ಅಂಗಡಿಯವರನ್ನೇ ಬಯ್ಯೋದೂ ನ್ಯಾಯವಲ್ಲ ಬಿಡಿ. ಒಂದು ಗಂಟೆ ಕೂತು ಪರೀಕ್ಷೆ ಮಾಡಿದ್ದಕ್ಕೆ ಮುನ್ನೂರು ರೂಪಾಯಿ ಕೇಳಿದರೆ "ಏನೂ ಬದಲಾಯಿಸಿಲ್ಲ, ಯಾಕ್ರೀ ದುಡ್ಡು?" ಅಂತ ಜಗಳಕ್ಕೆ ನಿಲ್ಲೋರು ನಾವೇ ತಾನೆ? ಡಾಕ್ಟರಿಗೆ ಫೀಸು ಕೊಡ್ತೀವಿ, ಇವರಿಗೆ ಯಾಕಿಲ್ಲ? ಕಂಡುಹಿಡಿದಿದ್ದಕ್ಕೆ ಕಾಸು ಕೊಡದಿದ್ದರೆ ಮಾರಿದ್ದರಲ್ಲೇ ಅವರು ಹೊಟ್ಟೆ ಹೊರೀಬೇಕು. ಆದರೆ ಪರೀಕ್ಷಿಸದೇ ಸಾವಿನ ಸರ್ಟಿಫಿಕೇಟು ಕೊಡೋದನ್ನ ಮಾತ್ರ ನಾನು ಒಪ್ಪಲ್ಲ.

ಅದೂ ಎಂಥ ಕಾಲದಲ್ಲಿ? 2025ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತು, ಎಷ್ಟೋ ಒಳ್ಳೆ ಯಂತ್ರಗಳು ಆಗಲೇ ಗುಜರಿಯ ದಾರಿ ಹಿಡಿದವು. ಅದೇ ವರ್ಷದ ಕೊನೆಗೆ, ತಯಾರಕರು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿ, ರ‍್ಯಾಮ್ ಬೆಲೆ ಗಗನಕ್ಕೇರಿತು. ಲಿನಕ್ಸ್ ಹಾಕಿದರೆ ಇನ್ನೂ ವರ್ಷಗಟ್ಟಲೆ ಓಡುವ ಪೆಟ್ಟಿಗೆಯನ್ನ ಮೂವತ್ತು ಪೈಸೆ ರಬ್ಬರಿನ ಕೆಲಸ ಮಾಡದೆ ಬಿಸಾಡೋದೇ?

ಮೇಷ್ಟ್ರ ಯಂತ್ರ ಈಗ 8 ಜಿಬಿಯಲ್ಲಿ ಓಡ್ತಿದೆ, ಈ ಸಲ ಜಾತಕ ನೋಡಿಯೇ ತಂದದ್ದು. ಅದಕ್ಕೂ ಮೊದಲು ಅವರ ಬರಹದ ಎರಡು ಪ್ರತಿ ಮಾಡಿಟ್ಟೆವು. ನಿಮ್ಮ ಬರಹದ ಪ್ರತಿ ಎಲ್ಲಿದೆ? ಈಗಲೇ ಎದ್ದು ನೋಡಿ, ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ :-)