ಗಾಯಕ್ಕೆ ಮದ್ದು ಹಚ್ಚಾಕೆ ಹುಡುಗೀನೇ ಬೇಕೇನು?

ಬ್ಯಾಸಿಗೆ ರಜಕ್ಕೆ ಕೊಕ್ಕನೂರಿಗೆ ಬಂದ ಮಕ್ಕಳು ಈ ಸಲ ಮೊಬೈಲು ಬದಿಗಿಟ್ಟು, ನಡುಮನ್ಯಾಗೆ ಚಾಪೆ ಹಾಸ್ಕಂಡು ಒಂದು ಆಟ ಆಡಿದ್ವು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂತ ಅದರ ಹೆಸರು. 1974ರಾಗೆ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಮಾಡಿದ್ದಂತೆ. ಒಬ್ಬ ಕತೆ ನಡೆಸ್ತಾನೆ. ಉಳಿದವರು ಒಂದೊಂದು ಪಾತ್ರ ಆಗಿ "ನಾನು ಹಿಂಗ್ ಮಾಡ್ತೀನಿ" ಅಂತಾರೆ. ಆಗ್ತೈತೋ ಇಲ್ಲೋ ಅನ್ನಾದನ್ನ 20 ಮುಖದ ದಾಳ ಹೇಳ್ತೈತೆ. ಊರ ನಾಟಕಕ್ಕೂ ಚೌಕಾಬಾರಕ್ಕೂ ಹುಟ್ಟಿದ ಕೂಸು ಅಂದ್ಕಳ್ರಿ.

ಒಂದಿನ ನಾನು ಅಕ್ಕಿ ಆರಿಸ್ತಾ ಕುಂತಿದ್ದೆ. ತಂಗಿ ಮಗಳು ಬಂದು, "ದೊಡ್ಡವ್ವ, ನಾನು ಕ್ಲಾಸ್ ಬದಲು ಮಾಡ್ಲಾ?" ಅಂದ್ಲು. ಹತ್ತನೇದು ಮುಗಿಸ್ಯಾಳಲ್ಲ, ಸೈನ್ಸೋ ಕಾಮರ್ಸೋ ಕೇಳ್ತಾಳೆ ಅಂದ್ಕಂಡೆ. ಅಲ್ಲವಂತೆ. ಈ ಆಟದಾಗೆ ಕ್ಲಾಸ್ ಅಂದ್ರೆ ಪಾತ್ರದ ಕಸುಬು. ಅವು ಆಡೋದು 2014ರ ಪುಸ್ತಕದ ಪ್ರಕಾರ, ಅದರಾಗೆ 12 ಕಸುಬು ಅದಾವೆ. ಕಾದಾಡೋನು ಫೈಟರ್, ಮಂತ್ರ ಓದಿದೋನು ವಿಝಾರ್ಡ್, ದೇವರ ಬಲದಿಂದ ಗಾಯ ವಾಸಿ ಮಾಡೋನು ಕ್ಲೆರಿಕ್, ಹಿಂಗೆ. ನಮ್ಮ ಹುಡುಗೀದು ರೋಗ್. ಸದ್ದಿಲ್ದಂಗೆ ನುಗ್ಗಾದು, ಬೀಗ ತೆಗಿಯಾದು, ಮರೆಯಾಗಿ ನಿಂತು ಏಟು ಕೊಡಾದು ಅವಳ ಕೆಲಸ.

ಹಿಂದಿನ ದಿನದ ಕಾಳಗದಾಗೆ ಇಬ್ಬರು ನೆಲಕ್ಕೆ ಬಿದ್ದಿದ್ರಂತೆ. ಮೂರೂ ಹುಡುಗ್ರು ಸೇರಿ, "ನಮ್ಮಲ್ಲಿ ಗಾಯ ವಾಸಿ ಮಾಡೋರಿಲ್ಲ, ನೀನು ಕ್ಲೆರಿಕ್ ಆಗು" ಅಂದವು. "ನಾನೇ ಯಾಕೆ?" ಅಂದಿದ್ದಕ್ಕೆ, "ನೀನು ಚೆನ್ನಾಗಿ ನೋಡ್ಕಳ್ತೀಯ" ಅಂದವಂತೆ. ಮರದಾಗಿದ್ದ ನನ್ನ ಕೈ ಅಲ್ಲೇ ನಿಂತ್ಹೋತು. ಈ ಮಾತು ನಾವೆಲ್ಲ ಎಲ್ಲೆಲ್ಲಿ ಕೇಳೀವಿ ಹೇಳ್ರಿ. ಅತ್ತೆ ಹಾಸಿಗೆ ಹಿಡಿದಾಗ, ನಾದಿನಿ ಬಾಣಂತನಕ್ಕೆ ಬಂದಾಗ. ಹೊಗಳಿದಂಗೂ ಇರ್ತೈತೆ, ಕಟ್ಟಿ ಹಾಕಿದಂಗೂ ಇರ್ತೈತೆ.

ಹೋಗ್ಲಿ, ಬದಲು ಮಾಡಿದ್ರೆ ಏನ್ ನಷ್ಟ ಅಂತ ಕೇಳಿದೆ. ಹಾಳೆ ತಂದು ತೋರಿಸಿದ್ಲು. ಈಗಿರೋ ಕಸುಬಿನ ಜೊತೆಗೆ ಇನ್ನೊಂದು ಹಿಡೀಬೇಕಂದ್ರೆ ಎರಡೂ ಕಸುಬಿಗೆ ಬೇಕಾದ ಗುಣದಾಗೆ 13 ಅಂಕ ಇರ್ಬೇಕು. ರೋಗ್‌ಗೆ ಚುರುಕು, ಕ್ಲೆರಿಕ್‌ಗೆ ವಿವೇಕ. ಇವಳಿಗೆ ಚುರುಕು 16, ವಿವೇಕ 11. ನಾಲ್ಕನೇ ಮೆಟ್ಟಿಲಿಗೆ ಬಂದಾಗ 2 ಅಂಕ ಸಿಗ್ತಾವೆ. ಅವನ್ನ ಚುರುಕಿಗೆ ಹಾಕಿದ್ರೆ 18 ಆಗಿ ಅವಳ ಏಟು ಇನ್ನೂ ಗುರಿ ಹಿಡೀತೈತೆ. ಕ್ಲೆರಿಕ್ ಆಗಬೇಕಂದ್ರೆ ಎರಡನ್ನೂ ವಿವೇಕಕ್ಕೇ ಸುರೀಬೇಕು. ಅಷ್ಟಕ್ಕೇ ಮುಗಿಯಂಗಿಲ್ಲ. ಐದನೇ ಮೆಟ್ಟಿಲಿಗೆ ರೋಗ್‌ಗೆ ಬರಬೇಕಾದ, ಬಿದ್ದ ಏಟನ್ನ ಅರ್ಧಕ್ಕೆ ಇಳಿಸ್ಕಳ್ಳೋ ವಿದ್ಯೆನೂ ಮುಂದಕ್ಕೆ ಹೋಗ್ತೈತೆ. ಅಂದ್ರೆ ಬ್ಯಾರೇರ ಗಾಯಕ್ಕೆ ಮದ್ದು ಹಚ್ಚಾಕೆ ಹೋಗಿ, ತನ್ನ ಮೈಮೇಲಿನ ಏಟು ಪೂರಾ ತಿನ್ನಬೇಕು. ಇದು ಆಟದ ಲೆಕ್ಕ. ನನಗೆ ಮಾತ್ರ ಆಟದ ಲೆಕ್ಕ ಅನ್ನಿಸ್ಲಿಲ್ಲ.

ಕಸುಬು ಬದಲು ಮಾಡಬಾರದು ಅಂತ ನಾನು ಹೇಳಾದಲ್ಲ. ಪಾತ್ರದ ಕತೆ ತಿರುಗಿದ್ರೆ ಕಸುಬೂ ತಿರುಗಬೇಕು. ಪಾಲಡಿನ್ ಅಂತ ಒಂದು ಕಸುಬೈತೆ, ಪ್ರತಿಜ್ಞೆ ಮಾಡಿ ಕತ್ತಿ ಹಿಡಿದೋನು. ಅವನು ಪ್ರತಿಜ್ಞೆ ಮುರಿದು ಪಶ್ಚಾತ್ತಾಪನೂ ಪಡದಿದ್ರೆ, ಆ ಕಸುಬು ಬಿಟ್ಟು ಬ್ಯಾರೇದು ಹಿಡಿಯಂಗೆ ಮಾಡಬಹುದು ಅಂತ ಪುಸ್ತಕದಾಗೇ ಐತಂತೆ. ಅದು ನ್ಯಾಯ. ನಮ್ಮ ದಾವಣಗೆರೆಯ ಚಿಂದೋಡಿ ಲೀಲಾ ಅವರನ್ನೇ ನೆನೆಸ್ಕಳ್ರಿ. ಚಿಕ್ಕ ವಯಸ್ಸಿನಾಗೇ ಬಣ್ಣ ಹಚ್ಚಿದ್ರು, ನಾಯಕಿ ಆದ್ರು, ಆಮೇಲೆ ಕೆ.ಬಿ.ಆರ್. ಡ್ರಾಮಾ ಕಂಪನಿನೇ ನಡೆಸಿದ್ರು, 1988ರಾಗೆ ಪದ್ಮಶ್ರೀ ಬಂತು. ಒಂದು ಪಾತ್ರದ ಮೇಲೆ ಇನ್ನೊಂದು ಕೂಡಿಸ್ಕಂತಾ ಹೋದ್ರು. ಬೆಳೆದು ಬದಲಾಗಾದು ಅಂದ್ರೆ ಅದು. ಖಾಲಿ ಜಾಗ ಕಾಣ್ತು ಅಂತ ಯಾರೋ ತಂದು ನಿಲ್ಲಿಸಿದ್ರೆ ಅದು ಬೆಳವಣಿಗೆ ಅಲ್ಲ.

ಹುಡುಗ್ರ ಮಾತೂ ಪೂರ್ತಿ ತಪ್ಪಲ್ಲ. ಗಾಯಕ್ಕೆ ಏನಾದ್ರೂ ದಾರಿ ಬೇಕೇ ಬೇಕು. ಆದ್ರೆ ಅದು ನಾಲ್ಕೂ ಜನರ ತಲೆನೋವು. 50 ಚಿನ್ನದ ನಾಣ್ಯಕ್ಕೆ ಒಂದು ಬಾಟ್ಲಿ ಮದ್ದು ಸಿಗ್ತೈತೆ, ಯಾವ ಕಸುಬಿನೋರು ಬೇಕಾದ್ರೂ ಕುಡೀಬಹುದು. "ಎಲ್ಲಾರೂ ದುಡ್ಡು ಹಾಕಿ ತಗಳ್ರಿ" ಅಂತ ಹೇಳು ಅಂದೆ. ಆಮೇಲೆ, "ಉಳಿದವರ ಹಾಳೆ ನೋಡಿಯೇನು?" ಅಂತ ಕೇಳಿದೆ.

ನೋಡಿದ್ಲು. ಎಲ್ಲಾರಿಗಿಂತ ಜೋರು ಮಾಡಿದ ನನ್ನ ಭಾವನ ಮಗನದು ರೇಂಜರ್, ಕಾಡು ಸುತ್ತೋ ಬೇಟೆಗಾರ. ಅವನ ವಿವೇಕ 14. ಗಾಯ ವಾಸಿ ಮಾಡೋ ಮಂತ್ರ ಅವನ ಕಸುಬಿನ ಪಟ್ಟಿಯಾಗೇ ಇತ್ತು ಕಣ್ರೀ! ಏಟು ಜೋರಾಗೋ ಮಂತ್ರ ಬೇಕು ಅಂತ ಇದನ್ನ ಬಿಟ್ಟಿದ್ದ. ಮೆಟ್ಟಿಲು ಏರುವಾಗ ಒಂದು ಮಂತ್ರ ಕೊಟ್ಟು ಇನ್ನೊಂದು ತಗಳ್ಳಾಕೆ ಅವಕಾಶನೂ ಐತೆ. ಕಸುಬು ಬಿಡಂಗಿಲ್ಲ, ಅಂಕ ಕಳ್ಕಳ್ಳಂಗಿಲ್ಲ.

ಸಂಜಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡಾಕೆ ಹೋದಾಗ ಅವನು ಮುಖ ಊದಿಸ್ಕಂಡು ಹಾಳ್ಯಾಗೆ ಮಂತ್ರ ಅಳಿಸಿ ಬರೀತಿದ್ದ. ಇವಳು ಚುರುಕಿನ ಮುಂದೆ 18 ಅಂತ ಬರ್ಕಂಡಿದ್ಲು.

ನಿಮ್ಮನ್ಯಾಗೂ ಯಾರಾದ್ರೂ ಹುಡುಗಿ ಹಿಂಗೇ ಕೇಳಿದ್ರೆ, ಆಟದ್ದೇ ಇರ್ಲಿ, ಓದಿಂದೇ ಇರ್ಲಿ, "ಏನಾಗ್ತೀಯ" ಅನ್ನಾಕಿಂತ ಮುಂಚೆ "ಯಾರು ಹೇಳಿದ್ರು" ಅಂತ ಕೇಳ್ರಿ. ಆಮೇಲೆ ಹೇಳಿದೋರ ಹಾಳೆನೂ ಒಂದ್ಸಲ ತರಿಸಿ ನೋಡ್ರಿ.