ಕೆಚ್ಚನ್ನು ಕಡ ತರಬೇಕೆ?

ಜಪಾನೀಯರ 'ಕಿಕೊತ್ಸು' ಎಂಬ ಗ್ರಾಂಥಿಕ ಪದಕ್ಕೆ ಸಮನಾದದ್ದು ಕನ್ನಡದಲ್ಲಿಲ್ಲವೆಂದು ಹಲುಬುವ ಪಂಡಿತರೊಡನೆ ನನ್ನ ತಕರಾರಿದೆ. ಅವರದು ಚೇತನದ ಎಲುಬು. ನಮ್ಮದು ಮರದ ಗಟ್ಟಿ ತಿರುಳು, ಕೆಚ್ಚು. ಬಡಗಿಯನ್ನು ಕೇಳಿ, ಹೇಳುತ್ತಾನೆ.

ಹತಾರ ಒಪ್ಪಿಸಿರೆಂದು 1857ರಲ್ಲಿ ಹುಕುಮಾದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಕಂಪನಿಯ ದಂಡು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಇದನ್ನು ಬರಿಯ ಒರಟುತನವೆನ್ನುವ ಜಾಣರೂ ಉಂಟು! ಬೇಡನಿಗೆ ಹತಾರವೆಂದರೆ ಅನ್ನ, ಮಾನ ಎರಡೂ. ಅದನ್ನು ಕೊಡೆನೆಂದದ್ದು ಹಟವೆ? ಲಾವಣಿಕಾರನಿಗೆ ಇದು ತಿಳಿದಿತ್ತು. ಆ ಲಾವಣಿಯನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನು ಫ್ಲೀಟ್, ಆಂಗ್ಲ ಅಧಿಕಾರಿ. ನಮ್ಮ ಪಂಡಿತರ ಕಣ್ಣು ಮಾತ್ರ ಟೋಕಿಯೋದ ಮೇಲೆ. ಮುಧೋಳದಿಂದ ಹಲಗಲಿ ಎಷ್ಟು ದೂರ, ಸ್ವಾಮಿ?